ಇರುವೆ ಡಾಕ್ಟರಮ್ಮನ ಹೆಬ್ಬೆರಳು

ಆ ಬೀದಿಯ ಹಲ್ಲಿನ ಡಾಕ್ಟರಿಗೆ ಜನ ಇಟ್ಟ ಹೆಸರು ಇರುವೆ ಡಾಕ್ಟರಮ್ಮ. ಸೂಜಿ ಹಿಡಿದು ಹತ್ತಿರ ಬಂದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ." ಅದು ಎಂಥ ಇರುವೆ ಅನ್ನುವುದು ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ಆದರೂ ಆ ಮಾತು ಕೇಳಿದರೆ ಪುಕ್ಕಲರಿಗೂ ಧೈರ್ಯ ಬರುತ್ತಿತ್ತು. ಇಪ್ಪತ್ತಾರು ವರ್ಷ ಪರರ ನೋವನ್ನು ಹೀಗೆ ಚಿಕ್ಕದು ಮಾಡಿ ಮಾಡಿ, ಪುಣ್ಯಾತ್ಗಿತ್ತಿಗೆ ತನ್ನ ನೋವನ್ನು ದೊಡ್ಡದಾಗಿ ಹೇಳಲು ಬಾಯೇ ಬರದಂತಾಯಿತು.

ಇಷ್ಟು ವರ್ಷ ಇಕ್ಕಳ ಹಿಡಿದು ತಿರುವಿದ್ದಕ್ಕೆ ಅವರ ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದು ಹೋಗಿತ್ತು. ಒಂದು ದಿನ ಪೋಸ್ಟ್‌ಮ್ಯಾನ್‌ನ ದವಡೆ ಹಲ್ಲು ಕೀಳುವಾಗ ಹಿಡಿತ ತಪ್ಪಿ ಇಕ್ಕಳ ಜಾರಿತು. ಕೆನ್ನೆಯ ಒಳಭಾಗ ಕೂದಲೆಳೆಯಲ್ಲಿ ಉಳಿಯಿತು. ಪೋಸ್ಟ್‌ಮ್ಯಾನ್‌ಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿದ್ದ ನರ್ಸಮ್ಮನಿಗೆ ಗೊತ್ತಾಯಿತು. ಆಕೆ ಸಂಜೆ ಡಾಕ್ಟರಮ್ಮನನ್ನು ನೇರವಾಗಿ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಇನ್ನು ಈ ಕೈಯಲ್ಲಿ ಹಲ್ಲಿನ ಕೆಲಸ ಬೇಡಮ್ಮ" ಎಂದುಬಿಟ್ಟರು.

ಕೆಲಸ ಬಿಟ್ಟರೆ ಮನೆ ನಡೆಯುವುದು ಹೇಗೆ? ಯಜಮಾನರು ಭೂಗೋಳದ ಮೇಷ್ಟ್ರಾಗಿ ನಿವೃತ್ತರಾಗಿದ್ದರು. ಲೋಕದ ನದಿಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು, ಆದರೆ ಅವರ ಪಿಂಚಣಿ ಹಳ್ಳದಷ್ಟೂ ಹರಿಯುತ್ತಿರಲಿಲ್ಲ. ಮಗಳು ಇನ್ನೂ ಓದುತ್ತಿದ್ದಳು. ಅದೃಷ್ಟಕ್ಕೆ ಡಾಕ್ಟರಮ್ಮನ ಅಣ್ಣ ವಿಮೆ ಏಜೆಂಟ್. ಹಿಂದೆ, ತಂಗಿ ಬೋರ್ಡು ತೂಗುಹಾಕಿದ ವಾರವೇ ಬಂದು, "ನಿನ್ನ ಬದುಕು ಇರೋದು ಐದು ಬೆರಳಲ್ಲಿ ಕಣೇ. ಅದಕ್ಕೇನಾದ್ರೂ ಆಗಿ ನಿನ್ನ ಕಸುಬು ಮಾಡೋಕಾಗದಿದ್ರೆ ತಿಂಗಳು ತಿಂಗಳು ಸಂಬಳದ ಹಾಗೆ ಬರುತ್ತೆ. ಬೇರೆ ಕೆಲಸ ಮಾಡೋ ಶಕ್ತಿ ಇದ್ರೂ ಬರುತ್ತೆ" ಎಂದು ದುಂಬಾಲುಬಿದ್ದು ಸಹಿ ಹಾಕಿಸಿದ್ದ. ಅವನ ಕಾಟ ತಪ್ಪಲಿ ಎಂದೇ ಆಕೆ ಸಹಿ ಹಾಕಿದ್ದು.

ಈಗ ಅರ್ಜಿ ತುಂಬಬೇಕು. ಡಾಕ್ಟರಮ್ಮ ಒಬ್ಬರೇ ಕೂತು ತುಂಬಿ, ಅಣ್ಣನಿಗೂ ತೋರಿಸದೆ ಕಳಿಸಿಬಿಟ್ಟರು. ಮೂರು ವಾರಕ್ಕೆ ಉತ್ತರ ಬಂತು: ಅರ್ಜಿ ತಿರಸ್ಕೃತ. ಅಣ್ಣ ಓಡಿ ಬಂದು ನಕಲು ಓದಿದ. 'ನೋವು ಒಂದರಿಂದ ಹತ್ತರೊಳಗೆ ಎಷ್ಟು?' ಎಂಬಲ್ಲಿ 'ಎರಡು' ಎಂದಿತ್ತು. 'ಕೆಲಸ ಮಾಡಲು ಸಾಧ್ಯವೇ?' ಎಂಬಲ್ಲಿ 'ಹೇಗೋ ನಿಭಾಯಿಸುತ್ತೇನೆ' ಎಂದಿತ್ತು.

"ಅಯ್ಯೋ ಮಾರಾಯ್ತಿ," ಎಂದು ಅಣ್ಣ ಹಣೆ ಚಚ್ಚಿಕೊಂಡ. "ಕೋಲು ಕೊಟ್ಟು ಹೊಡೆಸಿಕೊಂಡ್ಯಲ್ಲೇ. ಎರಡು ಅಂತ ಯಾರಾದ್ರೂ ಬರೀತಾರಾ?"

"ಹತ್ತು ಅಂದ್ರೆ ಹೆರಿಗೆ ನೋವಲ್ವೇನೋ? ಅದರ ಮುಂದೆ ಇದ್ಯಾವ ಲೆಕ್ಕ?" ಎಂದರು ಡಾಕ್ಟರಮ್ಮ.

"ರಾತ್ರಿಯೆಲ್ಲ ನರಳ್ತಾಳೆ ಭಾವ," ಎಂದರು ಮೇಷ್ಟ್ರು. "ಕೇಳಿದ್ರೆ ಸೊಳ್ಳೆ ಕಾಟ ಅಂತಾಳೆ."

ಅಣ್ಣ ಅವರಿವರ ಕೈಕಾಲು ಹಿಡಿದು ಇನ್ನೊಂದು ಅವಕಾಶ ಗಿಟ್ಟಿಸಿದ. ಕಂಪನಿಯ ಡಾಕ್ಟರೊಬ್ಬರು ಕ್ಲಿನಿಕ್ಕಿಗೇ ಬಂದು ನೋಡುತ್ತಾರೆ, ಅವರು ಬರೆದದ್ದೇ ಕೊನೆ. ಇದೂ ತಪ್ಪಿದರೆ ಡಾಕ್ಟರಮ್ಮ ಸೋಮವಾರದಿಂದ ಮತ್ತೆ ಅದೇ ಕೈಯಲ್ಲಿ ಇಕ್ಕಳ ಹಿಡಿಯಲೇಬೇಕು. ಮುಂದಿನ ಸಲವೂ ಕೂದಲೆಳೆಯಲ್ಲಿ ಉಳಿಯುತ್ತದೆ ಎಂದು ಯಾವ ಗ್ಯಾರಂಟಿ?

ಮನೆಯಲ್ಲಿ ತಾಲೀಮು ಶುರುವಾಯಿತು. ಮೇಷ್ಟ್ರು ಊಟದ ಮೇಜಿನಾಚೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕಂಪನಿಯ ಡಾಕ್ಟರಾದರು.

"ನೋವು ಹೇಗಿದೆ ಮೇಡಂ?"

"ಪರವಾಗಿಲ್ಲ."

"ತಪ್ಪು. ಇನ್ನೊಂದ್ಸಲ. ನೋವು ಹೇಗಿದೆ?"

"ರೀ, ಹೇಳಿಕೊಳ್ಳೋವಂಥದ್ದೇನಿಲ್ಲ."

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. ಮೂವತ್ತು ವರ್ಷದಲ್ಲಿ ಇಂಥ ದಡ್ಡ ವಿದ್ಯಾರ್ಥಿನಿಯನ್ನು ಅವರು ಕಂಡಿರಲಿಲ್ಲ. ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಕಂಪನಿಯ ಡಾಕ್ಟರು ಬಂದದ್ದು ಗುರುವಾರ ಬೆಳಿಗ್ಗೆ. ಮೆತ್ತಗಿನ ದನಿಯ ಮನುಷ್ಯ, ಒಂದು ಕೆನ್ನೆ ಸ್ವಲ್ಪ ಊದಿತ್ತು. ಬೆಂಚಿನ ಮೇಲೆ ಅಣ್ಣ, ಮೇಷ್ಟ್ರು, ನರ್ಸಮ್ಮ ಸಾಲಾಗಿ ಕೂತು ಉಸಿರು ಬಿಗಿಹಿಡಿದರು.

"ನೋವು ಎಷ್ಟಿದೆ ಮೇಡಂ?"

ಡಾಕ್ಟರಮ್ಮ ಅಣ್ಣನ ಮುಖ ನೋಡಿದರು, ಗಂಡನ ಮುಖ ನೋಡಿದರು. "ಇದೆ ಸ್ವಲ್ಪ," ಎಂದರು. "ಮೂರು ಅನ್ನಿ."

ಬೆಂಚಿನಿಂದ ಮೂರು ನಿಟ್ಟುಸಿರು ಒಟ್ಟಿಗೆ ಹೊರಟವು.

ಆ ಮನುಷ್ಯ ಪೆನ್ನು ಮುಚ್ಚಿದರು. "ಹಾಗಾದ್ರೆ ಒಳ್ಳೇದೇ ಆಯ್ತು. ನನಗೂ ನಾಲ್ಕು ದಿನದಿಂದ ಒಂದು ದವಡೆ ಹಲ್ಲು ಜೀವ ತಿಂತಾ ಇದೆ. ಹೇಗೂ ಬಂದಿದ್ದೀನಿ, ನೀವೇ ಕಿತ್ತುಬಿಡಿ," ಎಂದು ಕೋಟು ಕಳಚಿ ಕುರ್ಚಿ ಏರಿ ಬಾಯಿ ತೆರೆದರು.

ಡಾಕ್ಟರಮ್ಮನ ಕಾಲು ತಾನಾಗಿ ಪೆಡಲ್ ಒತ್ತಿತು. ಕುರ್ಚಿ ಹಿಂದಕ್ಕೆ ಬಾಗಿತು. ದೀಪ ಬಾಯಿಯೊಳಗೆ ಬಿತ್ತು. ಹಲ್ಲು ನಿಜಕ್ಕೂ ಹುಳುಕಾಗಿತ್ತು, ಬೇರು ಸೊಟ್ಟಗಿತ್ತು, ಪಕ್ಕದಲ್ಲೇ ನಾಲಿಗೆ. ಅವರು ಕೈಗವಸು ಹಾಕಿಕೊಂಡು, ಸೂಜಿ ಚುಚ್ಚುವ ಮೊದಲು ಹಿಡಿತ ನೋಡಲೆಂದು ಇಕ್ಕಳ ಎತ್ತಿಕೊಂಡರು. ಹೆಬ್ಬೆರಳು ಬಿಗಿಯಾಗಲಿಲ್ಲ. ಇನ್ನೊಮ್ಮೆ ಹಿಡಿದರು. ಇಕ್ಕಳದ ತುದಿ ಅಲುಗಿತು.

"ಆಗಲ್ಲ," ಎಂದರು. ಇಕ್ಕಳವನ್ನು ತಟ್ಟೆಯಲ್ಲಿಟ್ಟರು. "ನಿಮ್ಮ ಬಾಯಿಗೆ ನಾನು ಕೈ ಹಾಕಲ್ಲ. ಜಾರುತ್ತೆ, ನಾಲಿಗೆ ಸೀಳಿಹೋಗುತ್ತೆ."

"ಮೂರೇ ಅಂದ್ರಲ್ಲ?"

"ಸುಳ್ಳು ಹೇಳಿದೆ. ಎಂಟಿದೆ. ಬೆಳಿಗ್ಗೆ ಒಂಬತ್ತು. ಗುಂಡಿ ಹಾಕ್ಕೊಳ್ಳೋಕೆ ಇವರನ್ನ ಕರೀಬೇಕು. ಪೇಸ್ಟಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೀತೀನಿ. ಹಾಗೆ ಮಾಡಬೇಡಿ ಅಂತ ಊರಿಗೆಲ್ಲ ಬೈತಿದ್ದವಳು ನಾನು. ಒಬ್ಬರ ಕೆನ್ನೆ ಸೀಳೋದ್ರಲ್ಲಿದ್ದೆ. ಅವತ್ತಿಂದ ನನಗೆ ನನ್ನ ಕೈ ಕಂಡ್ರೇ ಹೆದರಿಕೆ."

ತನ್ನ ವಿಷಯಕ್ಕೆ ಎಷ್ಟು ಸುಳ್ಳು ಬೇಕಾದರೂ ಹೇಳುತ್ತಿದ್ದ ಬಾಯಿ, ಕುರ್ಚಿಯಲ್ಲಿ ಒಬ್ಬ ರೋಗಿ ಕೂತ ಕೂಡಲೇ ನಿಜ ಕಕ್ಕಿತ್ತು. ಅವರು ಅತ್ತರು. ಮೇಷ್ಟ್ರು ಎದ್ದು ಬಂದು, ಕಂಪನಿಯವರು ನೋಡುತ್ತಿದ್ದಾರೆ ಎಂಬ ಸಂಕೋಚವಿಲ್ಲದೆ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕಂಪನಿಯ ಡಾಕ್ಟರು ಎದ್ದು ಕೂತು ತುಂಬ ಹೊತ್ತು ಬರೆದರು. "ಮಂಜೂರು ಮಾಡಿ ಅಂತಲೇ ಬರೆದಿದ್ದೀನಿ ಮೇಡಂ. ಮೊದಲೇ ಹೀಗೆ ಹೇಳಿದ್ರೆ ನಾನು ಬರೋದೇ ಬೇಕಿರ್ಲಿಲ್ಲ." ಆಮೇಲೆ ಕೆನ್ನೆ ಸವರಿಕೊಂಡು, "ಹಲ್ಲುನೋವು ಮಾತ್ರ ನಾಟಕ ಅಲ್ಲ. ಯಾರ ಹತ್ರ ಹೋಗ್ಲಿ?" ಎಂದರು.

ಪಕ್ಕದ ಬೀದಿಯಲ್ಲಿ ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿ ಹಲ್ಲಿನ ಕ್ಲಿನಿಕ್ ತೆರೆದಿದ್ದಳು. ಯಾರಾದರೂ ಅವಳ ಬಗ್ಗೆ ಕೇಳಿದರೆ ಡಾಕ್ಟರಮ್ಮ, "ಪಾಪ, ಇನ್ನೂ ಕಲೀತಿದ್ದಾಳೆ" ಎಂದು ಮಾತು ಮುಗಿಸುತ್ತಿದ್ದರು. ಈಗ ಚೀಟಿ ಎಳೆದುಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಅವಳ ವಿಳಾಸ ಬರೆದರು.

"ಇಲ್ಲಿಗೆ ಹೋಗಿ," ಎಂದರು. "ಕಲಿತಾಗಿದೆ. ಒಳ್ಳೇ ಕೈ ಅವಳದು."