ಮಾಗಡಿ ಕೆರೆಯ ರಾಡಿ

ಆಪರೇಶನ್ ಆದಮೇಲೆ ನನಗೆ ನನ್ನ ಮೈಯೇ ಹೇಸಿಗೆಯಾಗಿತ್ತು. ದೊಡ್ಡ ಕರುಳಿನ ಗಡ್ಡೆಯನ್ನು ಕತ್ತರಿಸಿ ತೆಗೆದ ಡಾಕ್ಟರು, ಹೊಟ್ಟೆಯ ಎಡಮಗ್ಗುಲಿಗೆ ದಾರಿ ಮಾಡಿ ಒಂದು ಚೀಲ ಅಂಟಿಸಿದ್ದರು. ಇನ್ನು ಮುಂದೆ ಮಲವೆಲ್ಲ ಅದರೊಳಗೇ. ಲಕ್ಷ್ಮೇಶ್ವರದ ಪೇಟೆಯಲ್ಲಿ ನನ್ನದು ಕಾಳಿನ ಅಂಗಡಿ. ಗಿರಾಕಿ ಸುಮ್ಮನೆ ಮೂಗು ಒರೆಸಿಕೊಂಡರೂ ನನ್ನ ವಾಸನೆಗೇ ಎಂದುಕೊಂಡು, ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಚೀಲ ಬದಲಿಸುವಾಗ ಗೋಡೆಯ ಕಡೆ ಮುಖ ಹೊರಳಿಸಿ ಮಲಗುತ್ತಿದ್ದೆ. ಎಲ್ಲವನ್ನೂ ಹೆಂಡತಿಯೇ ಮಾಡುತ್ತಿದ್ದಳು. ಊಟದ ತಾಟು ಕಂಡರೆ, ಇದು ಸಂಜೆಗೆ ಏನಾಗಿ ಬರುತ್ತದೆ ಎಂಬುದೇ ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ.

ಆ ಚಳಿಗಾಲದ ರಜೆಗೆ ಅಕ್ಕನ ಮಗಳು ಬಂದಳು. ಸೂಕ್ಷ್ಮಜೀವಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಬಂದವಳೇ ನನ್ನ ಹೆಂಡತಿಯ ಹತ್ತಿರ ಉಪ್ಪಿನಕಾಯಿಯ ಖಾಲಿ ಗಾಜಿನ ಬರಣಿ ಕೇಳಿದಳು.

“ಮಾಮಾ, ಮಾಗಡಿ ಕೆರಿ ರಾಡಿ ಬೇಕಾಗೇತಿ. ನೀವೂ ಬರ್ರಿ. ಎಷ್ಟ ದಿನಾ ಮನ್ಯಾಗ ಕುಂಡ್ರತೀರಿ?”

ಬೇಡವೆನ್ನಲು ನೆಪ ಸಿಗಲಿಲ್ಲ.

ದೂರದೇಶದಿಂದ ಬರುವ ಹಕ್ಕಿಗಳನ್ನು ನೋಡಲು ಜನ ಆ ಕೆರೆಗೆ ಹೋಗುತ್ತಾರೆ. ನನಗೆ ಕಂಡದ್ದು ದಂಡೆಯ ತುಂಬ ಅವುಗಳ ಹಿಕ್ಕೆ, ಅದಕ್ಕೆ ಮುತ್ತಿದ ನೊಣ. ಅವಳು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು, ಮೊಳಕೈತನಕ ತೋಳು ಹಾಕಿ ತಳದ ಕಪ್ಪು ರಾಡಿಯನ್ನು ಮೇಲೆತ್ತಿದಳು. ಕೊಳೆತ ತತ್ತಿಯ ನಾತ ಬಂತು. ನಾನು ಬಗ್ಗಿ ವಾಂತಿ ಮಾಡಿಕೊಂಡೆ. ಹೊಟ್ಟೆ ಹಿಂಡಿದ ರಭಸಕ್ಕೆ ಚೀಲದ ಅಂಚು ಬಿಚ್ಚಿ, ಅಂಗಿ ಧೋತರವೆಲ್ಲ ಹೊಲಸಾಯಿತು.

“ಹತ್ರ ಬರಬ್ಯಾಡ!” ಎಂದು ಒದರಿದೆ.

“ಬರಂಗಿಲ್ರಿ. ಬ್ಯಾರೆ ಚೀಲಾ ಐತೇನ್ರಿ?”

ಹೆಂಡತಿ ಕಟ್ಟಿ ಕಳಿಸಿದ್ದಳು. ಹುಡುಗಿ ನೀರಿನ ಬಾಟಲಿಯನ್ನು ನನ್ನ ಪಕ್ಕದಲ್ಲಿಟ್ಟು, ಆಚೆ ತಿರುಗಿ, ದುಪಟ್ಟಾ ಅಗಲಿಸಿ ಮರೆ ಹಿಡಿದು ನಿಂತಳು. “ಜಲ್ದಿ ಏನಿಲ್ಲ ಮಾಮಾ, ಸಾವಕಾಶ ಮಾಡ್ಕೋರಿ. ನಾನೂ ಹೊಲಸಾಗೇನಿ.”

ಆಗ ಮೊದಲ ಸಲ ಅದನ್ನು ನೋಡಿದೆ. ಒಳಗಿರಬೇಕಾದ ಕರುಳು ಕೆಂಪಗೆ, ಒದ್ದೆಯಾಗಿ ಹೊರಗೆ ಇಣುಕಿತ್ತು. ಥೂ ಎನ್ನುತ್ತಲೇ ತೊಳೆದೆ, ಒರೆಸಿದೆ. ಹೊಸ ಚೀಲ ಸೊಟ್ಟಗಾದರೂ ಅಂಟಿತು.

ರಾಡಿಯ ಬರಣಿ ಎರಡು ವಾರ ನಮ್ಮ ಕತ್ತಲೆ ಕೋಣೆಯಲ್ಲಿತ್ತು. “ಇನ್ನ ಆ ಬರಣಿ ನನಗ ವಾಪಸ್ ಬ್ಯಾಡವಾ” ಎಂದು ಹೆಂಡತಿ ಮೂಗು ಮುಚ್ಚಿಕೊಂಡೇ ಹೇಳಿದಳು. ಒಂದು ಮುಂಜಾನೆ ಹುಡುಗಿ ಬರಣಿಯ ಹೊರಮೈಗೆ ಅಯಸ್ಕಾಂತ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಒಂದು ಹನಿ ನೀರು ತೆಗೆದು, ತಾನು ತಂದಿದ್ದ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಬ್ಯಾಕ್ಟೀರಿಯಾಗಳು ಹನಿಯ ಅಂಚಿಗೆ ಬಂದು ಕಿಕ್ಕಿರಿದಿದ್ದವು. ಅವಳು ಹನಿಯ ಪಕ್ಕದಲ್ಲಿಟ್ಟಿದ್ದ ಅಯಸ್ಕಾಂತ ತಿರುಗಿಸಿದಳು. ಇಡೀ ಗುಂಪು ಹೊರಳಿ ಆಚೆ ಹೊರಟಿತು.

“ಇವುಗಳ ಮೈಯಾಗ ಕಬ್ಬಿಣದ ಸಣ್ಣ ಹರಳ ಇರ್ತಾವ್ರಿ, ಅದಕ್ಕ ನಾವು ನಡಸಿದತ್ತ ನಡೀತಾವ, ಸಣ್ಣ ರೋಬೋಟ್ ಇದ್ದಂಗ. ಕ್ಯಾನ್ಸರ್ ಗಡ್ಡಿ ಒಳಗ ಗಾಳಿ ಭಾಳ ಕಮ್ಮಿ ಇರ್ತೈತಿ, ಔಷಧ ಅಲ್ಲಿತನಕಾ ಮುಟ್ಟಂಗಿಲ್ಲ. ಇವಕ್ಕ ಅಂಥಾ ಜಾಗಾನ ಸೇರತೈತಿ. ಅದಕ್ಕ ಇವುಗಳ ಮೈಗೆ ಔಷಧ ಅಂಟಿಸಿ ಕಳಸಾಕ ನೋಡಾಕತ್ತಾರ. ಈಗ ಇಲಿ ಮ್ಯಾಲೆ ಅಷ್ಟ.”

“ಈ ರಾಡಿ ಹುಳಾ ಮನಷ್ಯಾರ ಒಳಗ ಬಿಡ್ತೀರೇನ? ನಾ ಆಗಿದ್ರ ಬಿಡ್ತಿದ್ದಿಲ್ಲ.”

“ಡಾಕ್ಟರ ಚಾಕು ಒಳಗ ಬಿಟ್ಟೀರಲ್ರಿ ಮಾಮಾ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆದರೂ ಕಣ್ಣನ್ನು ಮತ್ತೆ ಕೊಳವೆಗೆ ಹಚ್ಚಿದೆ. ಅಸಹ್ಯ ಕಡಿಮೆಯಾಗಲಿಲ್ಲ, ನೋಡುವುದನ್ನೂ ಬಿಡಲಾಗಲಿಲ್ಲ.

ರಜೆ ಮುಗಿದು ಅವಳು ಹೋದ ದಿನ ಸಂಜೆ, ಹೆಂಡತಿ ಎಂದಿನಂತೆ ಬಿಸಿನೀರು ತಂದಳು. “ಇಟ್ಟು ಹೋಗು, ನಾನ ಮಾಡ್ಕೋತೀನಿ” ಎಂದೆ. ಅವಳು ಹೋದಳು, ಬಾಗಿಲನ್ನು ಮಾತ್ರ ಪೂರ್ತಿ ಮುಚ್ಚಲಿಲ್ಲ. ಇಂದಿಗೂ ಆ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಉಸಿರು ಬಿಗಿಹಿಡಿದು, ನನ್ನನ್ನೇ ಬೈದುಕೊಳ್ಳುತ್ತ.