ಅಳುವ ಪಾತ್ರದ ಪದಕ

ಆಗೆಲ್ಲ, ಅಂದರೆ ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಹುಣಸೂರಿಗೆ ಬಂದ ಟೆಂಟ್ ಸಿನಿಮಾದವರು ಮಳೆ ಹಿಡಿಯುವ ಮೊದಲೇ ಡೇರೆ ಬಿಚ್ಚಿಕೊಂಡು ಹೊರಟುಬಿಡುತ್ತಿದ್ದರು. ಮಾರನೆಯ ಮಧ್ಯಾಹ್ನ ಅದೇ ಜಾಗದಲ್ಲಿ ನಮ್ಮ ಬೀದಿಯ ಹೆಣ್ಣುಮಕ್ಕಳ ಸಿನಿಮಾ ಪ್ರಶಸ್ತಿ. ದೆಹಲಿಯಲ್ಲಿ ವರ್ಷದ ಒಳ್ಳೆಯ ಚಿತ್ರಗಳಿಗೆ ಪದಕ ಕೊಡುತ್ತಾರೆಂದು ಮೇಷ್ಟ್ರು ಪೇಪರು ಓದಿ ಹೇಳಿದ್ದೇ ನಮಗೆ ನೆಪ. ನೆಲದ ಟಿಕೆಟ್ಟಿನವರು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದ ಮರಳು, ಬೀಡಿ ವಾಸನೆ, ಕಡಲೆಕಾಯಿ ಸಿಪ್ಪೆಯ ಸಮೇತ ಹಾಗೇ ಇರುತ್ತಿತ್ತು. ಅದರ ಮೇಲೆ ಕೂತು, ಹುಣಸೆಹಣ್ಣು ಕುಟ್ಟಿ ಮಾಡಿದ ಚಿಗಳಿ ಚೀಪುತ್ತ, ಯಾವ ಸಿನಿಮಾ ಮೇಲು ಎಂದು ಮೊದಲು ಜಗಳ. ಆಮೇಲೆ ಒಬ್ಬೊಬ್ಬರೂ ಆ ವರ್ಷ ನೋಡಿದ ಸಿನಿಮಾದ ಒಂದು ಅಳುವ ಪಾತ್ರ ಮಾಡಬೇಕು. ಚೆನ್ನಾಗಿ ಅತ್ತವಳಿಗೆ ಪದಕ. ಕಲಾಯಿ ಸಾಬರ ಮಗಳು ಜುಬೇದಾ ಅಪ್ಪನನ್ನು ಕಾಡಿ, ತಾಮ್ರದ ಬಿಲ್ಲೆಗೆ ಕಲಾಯಿ ಹಾಕಿಸಿ ತರುತ್ತಿದ್ದಳು. ನೋಡಿದವರು ಬೆಳ್ಳಿಯೇ ಅನ್ನಬೇಕು. ತೀರ್ಪು ಹೇಳುವ ಸರದಿ ವರ್ಷಕ್ಕೊಬ್ಬಳದು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಸರದಿ ಪಕ್ಕದ ಮನೆಯ ಸರೋಜಳದಾಗಿತ್ತು. ಮಗ ಸತ್ತ ತಾಯಿಯಾಗಿ ನಾನು ಮರಳಲ್ಲಿ ಹೊರಳಾಡಿ ಅತ್ತೆ. ನಿಜವಾದ ಕಣ್ಣೀರು ಸ್ವಾಮಿ, ಎಂಜಲು ಹಚ್ಚಿಕೊಂಡದ್ದಲ್ಲ. ಸರೋಜ ಮುಖ ಸಿಂಡರಿಸಿದಳು.

"ಥೂ, ನಿಂಗೆ ಕಣ್ಗಿಂತ ಮೂಗ್ನಲ್ಲೇ ಜಾಸ್ತಿ ಸುರೀತದೆ ಕಣೇ ನಾಗು. ಈರೋಯಿನ್‌ಗೆ ಎಲ್ಲಾದ್ರೂ ಗೊಣ್ಣೆ ಬತ್ತದಾ? ಓಗಿ ಒರೆಸ್ಕೊ."

ಪದಕ ಜುಬೇದಾಳಿಗೆ ಹೋಯಿತು. ನನಗೆ ಸಿಕ್ಕಿದ್ದು 'ಗೊಣ್ಣೆ ರಾಣಿ' ಎಂಬ ಬಿರುದು. ನೀರಿಗೆ ಹೋದರೂ ಅದೇ, ಸ್ಕೂಲಿಗೆ ಹೋದರೂ ಅದೇ. ಮುಂದಿನ ವರ್ಷದ ತೀರ್ಪು ನನ್ನದು. ಬಾ ಮಗಳೇ, ನಿಂಗದೆ, ಎಂದು ಹಲ್ಲು ಕಡಿದುಕೊಂಡು ಕಾದೆ.

ಆ ದಿನವೂ ಬಂತು. ಸರೋಜ ಎಲ್ಲರಿಗಿಂತ ಕೊನೆಗೆ ಎದ್ದಳು. ಮಂಡಿಯೂರಿ, ಯಾರದೋ ಕಾಲು ಹಿಡಿದವಳಂತೆ ಎರಡೂ ಕೈ ಚಾಚಿದಳು.

"ಇನ್ನೊಂದೊರ್ಸ ಓದ್ತೀನಿ ಕಣಪ್ಪಯ್ಯ. ಸರಗೂರ್ಗೆ ಕೊಡ್ಬ್ಯಾಡ. ಮನೆ ಕೆಲ್ಸ ಎಲ್ಲಾ ನಾನೇ ಮಾಡ್ತೀನಿ. ಒಂದೊತ್ತು ಇಟ್ಟಾಕು, ಸಾಕು."

"ಇದ್ಯಾವ್ ಸಿನಿಮಾನೇ?" ಎಂದಳು ಜುಬೇದಾ. ಅವಳ ಕಣ್ಣು ತುಂಬಿತ್ತು.

ಯಾವ ಸಿನಿಮಾವೂ ಅಲ್ಲವೆಂದು ನನಗೆ ಗೊತ್ತಿತ್ತು. ಸರಗೂರಿನಿಂದ ಗಂಡಿನ ಕಡೆಯವರು ಬಂದುಹೋದದ್ದನ್ನು ಕಿಟಕಿಯಿಂದ ನಾನೇ ನೋಡಿದ್ದೆ. ಆದರೆ ಸರೋಜಳ ಮೂಗೂ ಸುರಿಯುತ್ತಿತ್ತು. ಅದನ್ನು ಕಂಡು ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ?

"ಗೊಣ್ಣೆ ಒರೆಸ್ಕೊಳೇ. ಇದೂ ಒಂದ್ ಅಳುವಾ? ಬರೀ ನಾಟ್ಕ," ಎಂದೆ. ಕಿಸಿಕಿಸಿ ನಗುತ್ತಲೇ ಪಾತ್ರ ಮುಗಿಸಿದ್ದ ನನ್ನ ತಂಗಿಯ ಕೊರಳಿಗೆ ಪದಕ ಹಾಕಿದೆ. ಸರೋಜ ಎದ್ದು, ಲಂಗದ ಮರಳು ಕೊಡವಿಕೊಂಡು ಮನೆಗೆ ಹೋದಳು.

ಹದಿನೈದೇ ದಿನಕ್ಕೆ ಅವಳ ಮದುವೆ ನಡೆಯಿತು. ಹೆಣ್ಣು ಒಪ್ಪಿಸುವಾಗ ಅವಳ ಅವ್ವ ಅತ್ತರು, ಅಷ್ಟು ಗಟ್ಟಿಯಾದ ಅಪ್ಪಯ್ಯನೂ ಅತ್ತರು. ಅವಳು ಮಾತ್ರ ಒಂದು ಹನಿಯೂ ಅಳಲಿಲ್ಲ. "ಎಂಥಾ ಕಲ್ಲೆದೆ ಮಗೀನವ್ವ," ಎಂದು ಹೆಂಗಸರು ಮಾತಾಡಿಕೊಂಡರು. ಗಾಡಿ ಹತ್ತುವ ಮುಂಚೆ ಸರೋಜ ನನ್ನ ಕಡೆ ತಿರುಗಿದಳು.

"ಇವತ್ತು ಸರ್ಯಾಗ್ ಮಾಡಿದ್ನೇನೇ, ನಾಗು?"



ಮುಂದಿನ ವರ್ಷ ಟೆಂಟು ಬಂತು, ಹೋಯಿತು. ಮರಳಿನ ಮೇಲೆ ಯಾರೂ ಸೇರಲಿಲ್ಲ. ಈಗ ಟೀವಿಯಲ್ಲಿ ಪ್ರಶಸ್ತಿ ಸಮಾರಂಭ ಬಂದರೆ ಕೊನೆತನಕ ನೋಡುತ್ತೇನೆ. ಎಲ್ಲರೂ ಅಂದವಾಗಿ ಅಳುತ್ತಾರೆ. ಮದುವೆಯಾದ ಮೇಲೆ ಸರೋಜ ತವರಿಗೆ ಬಂದಾಗ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದಳು, ಒಳಗೆ ಮಾತ್ರ ಇಣುಕುತ್ತಿರಲಿಲ್ಲ. ನಾನೂ ಹಟಮಾರಿ, ಕರೆಯಲಿಲ್ಲ. ಮನಸಾರೆ ಜಗಳವಾಡೋಣವೆಂದರೂ ಅಂಥ ಜೊತೆಗಾತಿ ಈ ಜನ್ಮದಲ್ಲಿ ನನಗೆ ಮತ್ತೆ ಸಿಗಲಿಲ್ಲ.