ಎಡಗಿವಿಯ ಸಾಹೇಬರು

ಅವರ ಬಲಗಿವಿ ಒಣಗಿದ ಅಂಜೂರದಂತೆ ಮುದುಡಿಕೊಂಡಿತ್ತು. ಅದಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಮಾತನಾಡುವವರು ಯಾರೇ ಆಗಲಿ, ಕುರ್ಚಿ ಎಳೆದುಕೊಂಡು ಅವರ ಎಡಕ್ಕೆ ಬಂದು ಕೂರಬೇಕಿತ್ತು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಅಂಗೈ ಎತ್ತಿಬಿಡುತ್ತಿದ್ದರು: “ಗದ್ದಲ ನನಗ ಕೇಳ್ಸಂಗಿಲ್ರಿ. ಒಬ್ಬೊಬ್ರ ಬರ್ರಿ.”

ತಪ್ಪು ಮಾಡಿದ ಮಕ್ಕಳ ಮನೆಗಳಿಗೆ ಹೋಗಿ ವಿಚಾರಿಸಿ, ಬಾಲ ನ್ಯಾಯ ಮಂಡಳಿಗೆ ವರದಿ ಬರೆಯುವ ಅಧಿಕಾರಿ ಅವರು. ಹುಟ್ಟೂರು ಯಡ್ರಾಮಿ, ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮ ಕನ್ನಡ. ನಾನು ಆಗ ಅಫಜಲಪುರ ತಾಲೂಕಿನ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ನಕಲು ಚೀಟಿ ಕಿತ್ತುಕೊಂಡೆನೆಂಬ ಸಿಟ್ಟಿಗೆ ಆರು ಹುಡುಗರು ಕರಜಗಿಯ ದಾರಿಯಲ್ಲಿ, ಕಬ್ಬಿನ ಹೊಲದ ಬದಿಗೆ, ನನ್ನನ್ನು ಅಡ್ಡಗಟ್ಟಿ ಬಡಿದರು. ಮೊಣಕೈ ಮುರಿಯಿತು. ಒಬ್ಬ ನನ್ನ ಕನ್ನಡಕ ತುಳಿದ, ಒಬ್ಬ ನಕ್ಕ, ಇನ್ನೊಬ್ಬ ಬೆನ್ನ ಮೇಲೇರಿ ಎರಡೂ ಕೈಗಳಿಂದ ನನ್ನ ತಲೆಯನ್ನು ಮಣ್ಣಿಗೆ ಒತ್ತಿದ. ಆಸ್ಪತ್ರೆಯ ಮಂಚದಿಂದಲೇ ಆರೂ ಹೆಸರುಗಳನ್ನು ಅಂಗಿಯ ಬಣ್ಣಗಳ ಸಮೇತ ಪೊಲೀಸರಿಗೆ ಬರೆಸಿದೆ. ಆರೂ ಜನರಿಗೆ ಮೂರು ವರ್ಷ, ತಪ್ಪಿತಸ್ಥ ಮಕ್ಕಳನ್ನು ಕೂಡಿಡುವ ವಿಶೇಷ ಗೃಹ ಆಗಲೇಬೇಕು. ಅದಕ್ಕಿಂತ ಒಂದು ದಿನವೂ ಕಡಿಮೆ ಕೂಡದು ಎಂಬುದು ನನ್ನ ಹಟ.

ಸಾಹೇಬರು ನಮ್ಮ ಮನೆಗೂ ಬಂದರು. ನನ್ನ ಹೆಂಡತಿ ತಂದಿಟ್ಟ ಚಹಾ ಮುಟ್ಟಲಿಲ್ಲ. “ಈಗ ಬ್ಯಾಡ್ರಿ ತಾಯಿ. ಇಲ್ಲಿ ಕುಡದರ ಆ ಆರು ಮನ್ಯಾಗೂ ಕುಡೀಬೇಕಾಗ್ತದ” ಎಂದರು. ಪೆಟ್ಟು ತಿಂದವನ ಮನೆಯೂ ಹೊಡೆದವರ ಮನೆಯೂ ಒಂದೇ! ಆ ಮಾತನ್ನು ನಾನು ಮರೆಯಲಿಲ್ಲ.

ವಿಚಾರಣೆಯ ದಿನ ಮಂಡಳಿಯಲ್ಲಿ ಮತ್ತೊಂದು ಅವಮಾನ ಕಾದಿತ್ತು. ಕಟಕಟೆಯಿಲ್ಲ, ನನಗೂ ಆ ಹುಡುಗರಿಗೂ ಒಂದೇ ಬಗೆಯ ಪ್ಲಾಸ್ಟಿಕ್ ಕುರ್ಚಿ! ಮ್ಯಾಜಿಸ್ಟ್ರೇಟರು ಕೇಳಿದರೆ ಆರೂ ಜನ ಒಂದೇ ದನಿಯಲ್ಲಿ “ಗುಂಪು ಹೊಡೀತ್ರಿ” ಎಂದರು. ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಸಾಹೇಬರು ಮೊದಲನೆಯವನನ್ನು ತಮ್ಮ ಎಡಕ್ಕೆ ಕೂರಿಸಿಕೊಂಡರು.

“ಗುಂಪು ಅಂದ್ರ ಯಾರ್ಲೇ? ಅದರ ಅಪ್ಪನ ಹೆಸರೇನು? ಯಾವ ಸಾಲಿಗಿ ಹೋಗ್ತದ?”

ಹುಡುಗ ತಬ್ಬಿಬ್ಬಾದ. “ನಾ... ನಾ ಕಟ್ಟಗೀಲೆ ಹೊಡದೇನ್ರಿ.”

“ಹಾಂ, ಈಗ ಕೇಳ್ತು. ಮುಂದಿನಾಂವ ಬಾ.”

“ನಾ ಬರೇ ನಕ್ಕೇನ್ರಿ.”

ಹತ್ತಿಯಿಂದ ಬೀಜ ಬಿಡಿಸಿದಂತೆ ಆ ಗುಂಪು ಬಿಡಿಬಿಡಿಯಾಗತೊಡಗಿತು. ನಾನು ಕುರ್ಚಿಯ ತುದಿಗೆ ಬಂದುಬಿಟ್ಟಿದ್ದೆ! ಕೊನೆಗೆ ಆರನೆಯವನು ಬಂದು ಕುಳಿತ.

“ಬೆನ್ನ ಮ್ಯಾಲ ಏರಿದಾಂವ ನೀನೇನು?”

“ಹೌದ್ರಿ.”

“ಕೇಳಿದ್ರಿಲ್ಲ!” ಎಂದು ನಾನು ಎದ್ದು ನಿಂತೆ. ಸಾಹೇಬರು ನನ್ನತ್ತಲೂ ಅಂಗೈ ಎತ್ತಿದರು. ಹುಡುಗನ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿದರು. ಮುಂಗೈಗಳ ಮೇಲೆ ಉಬ್ಬಿದ ಗಾಯದ ಗುರುತುಗಳಿದ್ದವು.

“ಗುರುಗಳ, ನಿಮ್ಮ ತಲಿಗಿ ಎಷ್ಟು ಪೆಟ್ಟು ಬಿದ್ದಾವ್ರಿ?”

ವೈದ್ಯರ ಪ್ರಮಾಣಪತ್ರ ನನಗೆ ಬಾಯಿಪಾಠ. ಮೊಣಕೈ, ಭುಜ, ಮೊಣಕಾಲು. ತಲೆಗೆ ಒಂದೂ ಇಲ್ಲ! ಅಷ್ಟು ತಿಂಗಳು ದಿನವೂ ಓದಿದ್ದ ಕಾಗದದಲ್ಲಿ ನಾನು ಕಾಣದೇ ಹೋದದ್ದು ಅದೊಂದನ್ನೇ.

“ಯಾಕಲೇ ಹೇಳ್ಲಿಲ್ಲ?” ಎಂದು ನಾನೇ ಕೇಳಿದೆ.

“ನಾನೂ ಕಟ್ಟಗಿ ಹಿಡ್ಕೊಂಡ ಹೋಗಿದ್ದೇನ್ರಿ ಸರ. ಯಾವ ಬಾಯೀಲೆ ಹೇಳ್ಲಿ?”

ಸಾಹೇಬರು ನನ್ನ ಕಡೆ ಎಡಗಿವಿ ತಿರುಗಿಸಿದರು. “ನಾ ವರದಿಯೊಳಗ ಬರದೇನ್ರಿ. ಆದ್ರ ಇದನ್ನ ಹೇಳೋರು ನೀವ ಆಗ್ಬೇಕು.”

“ಇವನು ನನ್ನ ತಲೆ ಒತ್ತಿದ್ದಲ್ಲ, ಪೆಟ್ಟಿಗೆ ತನ್ನ ಕೈ ಅಡ್ಡ ಇಟ್ಟು ಕಾಪಾಡಿದ್ದು. ನನ್ನ ಹೇಳಿಕೆ ತಪ್ಪು” ಎಂದೆ. ಇಡೀ ಸೇವಾವಧಿಯಲ್ಲಿ ನಾನು ಬರೆಸಿದ ಕಾಗದವೊಂದನ್ನು ತಪ್ಪೆಂದು ಒಪ್ಪಿಕೊಂಡದ್ದು ಅದೇ ಮೊದಲು. ನಾಚಿಕೆಯಾಗಬೇಕಿತ್ತು, ಮೈಯೆಲ್ಲ ಹಗುರಾಯಿತು.

ಕಟ್ಟಿಗೆ ಬೀಸಿದ ಮೂವರಿಗೆ ವಿಶೇಷ ಗೃಹ. ತುಳಿದವನಿಗೂ ನಕ್ಕವನಿಗೂ ಆಸ್ಪತ್ರೆಯಲ್ಲಿ ಸೇವೆ. ಆರನೆಯವನನ್ನು ಬುದ್ಧಿ ಹೇಳಿ ಮನೆಗೆ ಕಳಿಸಿದರು. ನಕ್ಕವನಿಗೆ ಇನ್ನೂ ಹೆಚ್ಚಾಗಬೇಕಿತ್ತೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಕೆಲವು ದಿನಗಳ ನಂತರ ಸಾಹೇಬರು ನಮ್ಮ ಬಾಗಿಲಲ್ಲಿ ನಿಂತಿದ್ದರು. “ತಾಯಿ, ಅವತ್ತಿನ ಚಹಾ ಇನ್ನೂ ಅದ ಏನ್ರಿ? ಆರು ಮನ್ಯಾಗೂ ಕುಡದ ಬಂದೇನಿ, ಇದು ಏಳನೇದು!” ನಮ್ಮ ಮನೆಯನ್ನು ಕೊನೆಗೆ ಇಟ್ಟರಲ್ಲ ಎಂದು ನನಗೆ ಆಗಲೂ ಸಿಟ್ಟು ಬಂತು. ಅವರು ನಗುತ್ತ ಎರಡು ಕಪ್ಪು ಕುಡಿದರು.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಕೇಳಿ ಯಡ್ರಾಮಿಗೆ ಓಡಿದೆ. ಅಂಗಳದ ತುಂಬ ಜನ, ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು. ನಾನು ಅವರನ್ನು ದಾಟಿ ಹೋಗಿ, ಮಲಗಿಸಿದ್ದ ಸಾಹೇಬರ ಎಡಗಿವಿಯ ಬಳಿ ಬಾಗಿ, “ಸಾಹೇಬ್ರ, ಆ ಒಂದು ಸುಳ್ಳು ಹೇಳಿಕೆಯಿಂದ ನನ್ನ ಉಳಿಸಿದ್ರಿ” ಎಂದೆ. ಎದ್ದು ತಿರುಗಿದರೆ, ಮುಂಗೈಗಳ ಮೇಲೆ ಗಾಯದ ಗುರುತಿದ್ದ ಆ ಆರನೆಯವನು ನನ್ನ ಹಿಂದೆ ತನ್ನ ಸರದಿಗಾಗಿ ಸುಮ್ಮನೆ ಕಾಯುತ್ತಿದ್ದ.